ಕಾಗದ ಕಾಣದ ಸ್ವರಲಿಪಿ: ಮಂಗಳೂರಿನ ಒಂದು ಪ್ರಕರಣ ಅಧ್ಯಯನ

ಮಂಗಳೂರಿನ ಕೊಯರ್ ಮಾಸ್ಟರರೊಬ್ಬರು 2006ರಿಂದ 2019ರ ವರೆಗೆ ಕೊಂಕಣಿ ಮತ್ತು ಕನ್ನಡ ಭಕ್ತಿಗೀತೆಗಳನ್ನು ನಾಲ್ಕು ಧ್ವನಿಗಳಿಗೆ (ಹೆಂಗಸರ ಸೊಪ್ರಾನೊ, ಆಲ್ಟೊ; ಗಂಡಸರ ಟೆನರ್, ಬಾಸ್) ಸಂಯೋಜಿಸಿ, ಅವುಗಳ ಸ್ವರಲಿಪಿಯನ್ನು ತಮ್ಮದೇ ಆದ ಸಣ್ಣ ಜಾಲತಾಣದಲ್ಲಿ ಪಿಡಿಎಫ್ ಕಡತಗಳಾಗಿ ಪ್ರಕಟಿಸಿ ಮಾರುತ್ತಿದ್ದರು. ಮಂಗಳೂರು, ಉಡುಪಿ, ಮುಂಬೈ ಮತ್ತು ಕೊಲ್ಲಿ ರಾಷ್ಟ್ರಗಳ ಗಾಯನ ಮಂಡಳಿಗಳು ಅವನ್ನು ಕೊಂಡು, ತಮಗೆ ಬೇಕಾದಷ್ಟು ಪ್ರತಿ ತೆಗೆದು ಹಾಡಿದವು. ಆ ಕೃತಿಗಳಲ್ಲಿ ಒಂದೂ ಪುಸ್ತಕವಾಗಿ ಅಚ್ಚಾಗಲಿಲ್ಲ. 2020ರಲ್ಲಿ ಮಾಸ್ಟರರು ತೀರಿಕೊಂಡರು. ಜಾಲತಾಣಕ್ಕೆ ವರ್ಷವರ್ಷವೂ ಶುಲ್ಕ ಕಟ್ಟಬೇಕೆಂಬುದು ಮನೆಯವರಿಗೆ ತಿಳಿಯದೆ 2022ರಲ್ಲಿ ಅದು ನಿಂತುಹೋಯಿತು.

2023ರ ಅಕ್ಟೋಬರಿನಲ್ಲಿ ಉಡುಪಿಯ ಒಂದು ಗಾಯನ ಮಂಡಳಿಯವರು ಕ್ರಿಸ್ಮಸ್ ಹಾಡುಗಳ ತಾಲೀಮಿಗೆಂದು, ಹನ್ನೊಂದು ವರ್ಷ ಹಿಂದೆ ಕೊಂಡಿದ್ದ ಕಡತವೊಂದನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರು. ಐದು ಗೆರೆಗಳೂ ಸ್ವರಗಳ ಕಡ್ಡಿಗಳೂ ಸರಿಯಾಗಿಯೇ ಇದ್ದವು. ಆದರೆ ಗೆರೆಗಳ ಆರಂಭದಲ್ಲಿ ಸ್ವರಸ್ಥಾನ ತಿಳಿಸುವ ಟ್ರೆಬಲ್ ಕ್ಲೆಫ್ ಇರಬೇಕಾದ ಜಾಗದಲ್ಲಿ ‘ಆ್ಯಂಡ್’ ಚಿಹ್ನೆಯೂ, ಬಾಸ್ ಕ್ಲೆಫ್ ಇರಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆಯೂ, ಸ್ವರಗಳ ಕೆಳಗೆ ಹಾಡಿನ ಸಾಹಿತ್ಯದ ಬದಲು ಪೌಂಡ್ ನಾಣ್ಯದ ಗುರುತುಗಳಿಂದ ತುಂಬಿದ ಅರ್ಥವಿಲ್ಲದ ಸಾಲುಗಳೂ ಕಾಣಿಸಿದವು. ಹೊಸ ಪ್ರತಿ ಕೊಳ್ಳೋಣವೆಂದರೆ ಅಂಗಡಿಯೇ ಇಲ್ಲ. ಅವರು ಆ ಕಡತವನ್ನು ನನಗೆ ಕಳುಹಿಸಿಕೊಟ್ಟರು. ನಾನು ಮಂಗಳೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಮಾಸ್ಟರರ ಮಂಡಳಿಯಲ್ಲಿ ಹಲವು ವರ್ಷ ಆಲ್ಟೊ ಹಾಡಿದವಳು. ಮುಂದಿನ ಎರಡು ವರ್ಷ ನಾವು ಐದು ಮಂದಿ ಮಾಡಿದ ಕೆಲಸವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮಂಗಳೂರಿನ ಹಂಪನಕಟ್ಟೆಯಿಂದ ನಡೆದೇ ಹೋಗಬಹುದಾದ ಬಲ್ಮಠದಲ್ಲಿ, ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹಾಲಯದಲ್ಲಿ, ಬಾಸೆಲ್ ಮಿಶನ್ ಮುದ್ರಣಾಲಯದ ಹಳೆಯ ಪ್ರಕಟಣೆಗಳಿವೆ. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾದ ಆ ಮುದ್ರಣಾಲಯದಿಂದಲೇ 1843ರ ಜುಲೈ 1ರಂದು ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿತು. 1894ರಲ್ಲಿ ಕಿಟ್ಟೆಲರ ನಿಘಂಟು ಬಂದದ್ದೂ ಅಲ್ಲಿಂದಲೇ. ಕಿಟ್ಟೆಲ್ ಕೋಶದ ಹಳೆಯ ಪ್ರತಿಯನ್ನು ಇಂದು ಓದಲು ಬೆಳಕು ಮತ್ತು ಕನ್ನಡದ ಅರಿವು ಇದ್ದರೆ ಸಾಕು. ಹನ್ನೊಂದೇ ವರ್ಷದ ಪಿಡಿಎಫ್ ಕಡತವೊಂದು ಅದೇ ಊರಿನಲ್ಲಿ, ಅದನ್ನು ಹಾಡಿ ಬಾಯಿಪಾಠವಾಗಿದ್ದವರಿಗೂ ಓದಲಾಗದಂತಾಯಿತು ಎಂಬುದು ನನ್ನನ್ನು ತುಂಬ ಕಾಲ ಕಾಡಿತು.

ಕೆಲಸ ಮುಂದುವರಿದಂತೆ ನನಗೆ ಸ್ಪಷ್ಟವಾದದ್ದು ಇಷ್ಟು: ಡಿಜಿಟಲ್ ಸ್ವರಲಿಪಿ ಹೊರನೋಟಕ್ಕೆ ಒಂದೇ ಕಡತದಂತೆ ಕಂಡರೂ ಅದರೊಳಗೆ ಪುಟ, ಸ್ವರ, ಸಾಹಿತ್ಯ ಎಂಬ ಮೂರು ವಸ್ತುಗಳಿವೆ, ಅವು ಬೇರೆ ಬೇರೆ ಕಾರಣಗಳಿಂದ, ಬೇರೆ ಬೇರೆ ವೇಗದಲ್ಲಿ ಕೆಡುತ್ತವೆ, ಒಂದನ್ನು ಉಳಿಸುವ ಉಪಾಯ ಇನ್ನೊಂದನ್ನು ಉಳಿಸುವುದಿಲ್ಲ. ಇವುಗಳ ಜೊತೆಗೆ ಪ್ರತಿ ಮಾಡುವ ಹಕ್ಕೂ ಇದೆ, ಮತ್ತು ಕರ್ತೃವಿನ ಮರಣದೊಂದಿಗೆ ಎಲ್ಲಕ್ಕಿಂತ ಮೊದಲು ತೊಡಕಿಗೆ ಸಿಲುಕುವುದು ಅದೇ.

ಹುಡುಕಾಟ

ಏನೇನು ಪ್ರಕಟವಾಗಿತ್ತು ಎಂಬುದೇ ಮೊದಲ ಪ್ರಶ್ನೆಯಾಗಿತ್ತು. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಮಾಸ್ಟರರ ಜಾಲತಾಣದ ಹಳೆಯ ಪುಟಗಳು ಸಿಕ್ಕವು. ಅವುಗಳಲ್ಲಿ ಕೃತಿಗಳ ಹೆಸರು, ಧ್ವನಿವಿಭಾಗ ಮತ್ತು ಬೆಲೆಗಳ ಪಟ್ಟಿ ಇತ್ತು. ಹಣ ಕೊಟ್ಟವರಿಗೆ ಮಾತ್ರ ತೆರೆಯುತ್ತಿದ್ದ ಪಿಡಿಎಫ್‌ಗಳು ಇರಲಿಲ್ಲ. ಜಾಲವನ್ನು ಸುತ್ತಿ ಪ್ರತಿ ತೆಗೆಯುವ ಯಂತ್ರಕ್ಕೆ ಬೀಗ ಹಾಕಿದ ಬಾಗಿಲಿನ ಹಿಂದಿನದು ಕಾಣುವುದಿಲ್ಲ. ಆದರೂ ಆ ಪಟ್ಟಿಯಿಂದ ಒಟ್ಟು 61 ಕೃತಿಗಳೆಂದು ತಿಳಿಯಿತು. ಇಲ್ಲವಾದರೆ ಸಿಕ್ಕಿದಷ್ಟನ್ನೇ ಎಲ್ಲವೆಂದು ನಂಬಿಬಿಡುತ್ತಿದ್ದೆವು.

ಮಾಸ್ಟರರ ಪತ್ನಿಯನ್ನು ನಾವೆಲ್ಲ ಬಾಯಿ ಎಂದೇ ಕರೆಯುವುದು. ಜೆಪ್ಪುವಿನ ಮನೆಗೆ ಹೋದಾಗ ಅವರು, “ಎಲ್ಲ ಆ ಕಂಪ್ಯೂಟರಿನ ಒಳಗೆ ಉಂಟು ಅಂತ ಅವರು ಹೇಳ್ತಾ ಇದ್ದರು, ನಾನು ಅದನ್ನು ಮುಟ್ಟಲೇ ಇಲ್ಲ” ಎಂದರು. ಅವರು ಮುಟ್ಟದೆ ಇದ್ದದ್ದೇ ಒಳ್ಳೆಯದಾಯಿತು. ಮೂರು ಮಳೆಗಾಲ ಮುಚ್ಚಿದ ಕೋಣೆಯಲ್ಲಿ ಕುಳಿತಿದ್ದ ಯಂತ್ರವನ್ನು ನೇರವಾಗಿ ಚಾಲೂ ಮಾಡುವ ಆಸೆಯನ್ನು ತಡೆದುಕೊಂಡು, ಹಾರ್ಡ್ ಡಿಸ್ಕನ್ನು ಹೊರತೆಗೆದು, ಅದರ ಮೇಲೆ ಏನನ್ನೂ ಬರೆಯದಂತೆ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಮೊದಲು ಇಡೀ ಡಿಸ್ಕಿನ ಪೂರ್ಣ ಪ್ರತಿಯನ್ನು ತೆಗೆದೆವು. ಮುಂದಿನ ಎಲ್ಲ ಕೆಲಸವೂ ಆ ಪ್ರತಿಯ ಮೇಲೆಯೇ ನಡೆಯಿತು. ಅದೇ ಮೇಜಿನ ಖಾನೆಯಲ್ಲಿದ್ದ ಹನ್ನೆರಡು ಸಿಡಿಗಳ ಪೈಕಿ ಐದು ಓದಲೇ ಇಲ್ಲ. ಎರಡರ ಮೇಲೆ ಬೂಷ್ಟು ಜೇಡರ ಬಲೆಯಂತೆ ಹರಡಿತ್ತು. ಕರಾವಳಿಯ ತೇವದಲ್ಲಿ ಮನೆಯಲ್ಲಿ ಬರೆದ ಸಿಡಿಯನ್ನು ಶಾಶ್ವತ ಸಂಗ್ರಹವೆಂದು ನಂಬುವಂತಿಲ್ಲ.

ಡಿಸ್ಕಿನಲ್ಲಿ 47 ಕೃತಿಗಳ ಮೂಲ ಕಡತಗಳು ಸಿಕ್ಕವು. ಉಳಿದವಕ್ಕಾಗಿ, ಮಾಸ್ಟರರ ಇಮೇಲಿನಲ್ಲಿದ್ದ ಖರೀದಿ ಪತ್ರಗಳ ಆಧಾರದಿಂದ ಮಂಡಳಿಗಳಿಗೆ ಒಂದೊಂದಾಗಿ ಬರೆದೆವು. ಒಂಬತ್ತು ಕೃತಿಗಳ ಪಿಡಿಎಫ್ ಅವರಿಂದ ಬಂತು. ಮೂರು ಕೃತಿಗಳು ಹಾಡುಗಾರರ ಕಡತಚೀಲಗಳಲ್ಲಿ ಪೆನ್ಸಿಲ್ ಗುರುತುಗಳಿದ್ದ ಜೆರಾಕ್ಸ್ ಪ್ರತಿಗಳಾಗಿ ಮಾತ್ರ ದೊರೆತವು.

ಪುಟ

ಉಡುಪಿಯ ಕಡತ ಕೆಟ್ಟದ್ದಕ್ಕೆ ಕಾರಣ ಸರಳವಾಗಿತ್ತು. ಸ್ವರಲಿಪಿ ಬರೆಯಲು ಮಾಸ್ಟರರು ಬಳಸುತ್ತಿದ್ದ ಫಿನಾಲೆ ತಂತ್ರಾಂಶದ ‘ಮಾಯೆಸ್ಟ್ರೊ’ ಫಾಂಟಿನಲ್ಲಿ ಕ್ಲೆಫ್, ಸ್ವರವನ್ನು ಅರ್ಧ ಏರಿಸುವ ಶಾರ್ಪ್, ಸ್ವರದ ತಲೆ ಎಲ್ಲವೂ ಇಂಗ್ಲಿಷ್ ಕೀಲಿಮಣೆಯ ಸಾಮಾನ್ಯ ಚಿಹ್ನೆಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಫಾಂಟನ್ನು ಪಿಡಿಎಫ್‌ನ ಒಳಗೆ ಸೇರಿಸದೆ ಕಡತ ಮಾಡಿದ್ದರೆ, ಓದುವ ಕಂಪ್ಯೂಟರಿನಲ್ಲಿ ಅದು ಇದ್ದಾಗ ಮಾತ್ರ ಸ್ವರಲಿಪಿ ಕಾಣುತ್ತದೆ. ಇಲ್ಲದಿದ್ದರೆ ಆ ಸ್ಥಾನದ ಮೂಲ ಚಿಹ್ನೆ ಬಯಲಾಗುತ್ತದೆ. ಉಡುಪಿಯವರ ಹಳೆಯ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುತ್ತಿದ್ದ ಫಿನಾಲೆ ನೋಟ್‌ಪ್ಯಾಡ್ ಇತ್ತು, ಕನ್ನಡ ಬರೆಯುವ ನುಡಿ ತಂತ್ರಾಂಶವೂ ಇತ್ತು. ಹಾಗಾಗಿ ಅಷ್ಟು ವರ್ಷ ಯಾರಿಗೂ ಲೋಪ ತಿಳಿಯಲಿಲ್ಲ. ಸಂಗೀತ ಚಿಹ್ನೆಗಳಿಗೆ ಪ್ರತ್ಯೇಕ ಸ್ಥಾನಗಳನ್ನು ಗೊತ್ತುಪಡಿಸಿದ ‘ಸ್ಮಫಲ್’ ಎಂಬ ಮಾನಕವನ್ನು ಸ್ಟೈನ್‌ಬರ್ಗ್ ಸಂಸ್ಥೆ ತನ್ನ ಬ್ರವುರಾ ಫಾಂಟಿನೊಂದಿಗೆ 2013ರಲ್ಲಷ್ಟೇ ಮುಂದಿಟ್ಟಿತು. ಅದಕ್ಕೂ ಮೊದಲಿನ ಕಡತಗಳಿಗೆ ಆ ನೆರವು ಇರಲಿಲ್ಲ.

ಪುಟವನ್ನು ಉಳಿಸಲು ನಾವು ಆಯ್ದದ್ದು ಪಿಡಿಎಫ್/ಎ ಎಂಬ ರೂಪವನ್ನು. 2005ರಲ್ಲಿ ಐಎಸ್‌ಒ 19005 ಎಂಬ ಮಾನಕವಾಗಿ ಬಂದ ಈ ರೂಪ, ಎಲ್ಲ ಫಾಂಟುಗಳೂ ಕಡತದ ಒಳಗೇ ಇರಬೇಕೆಂದು ಕಡ್ಡಾಯ ಮಾಡುತ್ತದೆ ಮತ್ತು ಪಾಸ್‌ವರ್ಡ್ ರಕ್ಷಣೆಯನ್ನು ನಿಷೇಧಿಸುತ್ತದೆ. 2012ರ ಮೂರನೆಯ ಭಾಗವಂತೂ ಬೇರೆ ಬಗೆಯ ಕಡತವನ್ನು ಲಗತ್ತಾಗಿ ಒಳಗಿಡಲು ಅವಕಾಶ ಕೊಟ್ಟಿದೆ. ಇದರಿಂದ ಪುಟದ ಹೊಟ್ಟೆಯಲ್ಲೇ ಸ್ವರಗಳ ಕಡತವನ್ನೂ ಇಡಬಹುದಾಯಿತು. ಮಾಸ್ಟರರು ಅಕ್ರಮ ಪ್ರತಿಗಳನ್ನು ತಡೆಯಲು ಕೆಲವು ಪಿಡಿಎಫ್‌ಗಳಿಗೆ ಬದಲಾವಣೆ ಮಾಡದಂತೆ ಪಾಸ್‌ವರ್ಡ್ ಹಾಕಿದ್ದರು. ಅವರ ಜೀವನೋಪಾಯದ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಅದೇ ಬೀಗ ಅವರ ಕೃತಿಯನ್ನು ಮುಂದಿನ ರೂಪಕ್ಕೆ ಸಾಗಿಸುವವರಿಗೂ ಅಡ್ಡವಾಯಿತು. ಪಾಸ್‌ವರ್ಡ್ ಅವರ ದಿನಚರಿಯ ಕೊನೆಯ ಪುಟದಲ್ಲಿ ಸಿಕ್ಕಿದ್ದು ನಮ್ಮ ಪುಣ್ಯ.

ಇನ್ನೊಂದು ತೊಡಕು ನಾನು ನಿರೀಕ್ಷಿಸದೇ ಇದ್ದದ್ದು. ಮಾರಿದ ಪ್ರತಿಯೊಂದು ಪಿಡಿಎಫ್‌ನ ಅಡಿಯಲ್ಲಿ ಅವರು ಕೊಂಡ ಮಂಡಳಿಯ ಹೆಸರನ್ನು ಮುದ್ರಿಸುತ್ತಿದ್ದರು. ಅಲ್ಲದೆ ತಾಲೀಮಿನಲ್ಲಿ ತಪ್ಪು ಕಂಡಾಗ ಮೂಲ ಕಡತವನ್ನು ತಿದ್ದಿ, ಹೆಸರು ಬದಲಿಸದೆ, ಮುಂದಿನ ಗಿರಾಕಿಗೆ ತಿದ್ದಿದ್ದನ್ನೇ ಕಳುಹಿಸುತ್ತಿದ್ದರು. ಹೀಗಾಗಿ ಒಂದೇ ಹಾಡಿನ ಮೂರು ಪ್ರತಿಗಳು ನಮ್ಮ ಮುಂದೆ ಬಂದಾಗ, ಒಂದರಲ್ಲಿ ಹದಿನೇಳನೆಯ ಬಾರಿನ (ತಾಳದ ಖಂಡದ) ಟೆನರ್ ಸ್ವರಕ್ಕೆ ಶಾರ್ಪ್ ಇತ್ತು, ಉಳಿದೆರಡರಲ್ಲಿ ಇರಲಿಲ್ಲ. ಪುಸ್ತಕವಾಗಿದ್ದರೆ ಎರಡನೆಯ ಮುದ್ರಣವೆಂದು ಮುಖಪುಟದ ಹಿಂದೆ ಇರುತ್ತಿತ್ತು. ಇಲ್ಲಿ ಪಿಡಿಎಫ್‌ನೊಳಗೆ ಅಡಗಿರುವ ರಚನಾ ದಿನಾಂಕವನ್ನು ನೋಡಿ ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ತೀರ್ಮಾನಿಸಬೇಕಾಯಿತು. ಎರಡನ್ನೂ ಉಳಿಸಿದೆವು; ಹಾಡಲು ಕೊಡುವ ಪ್ರತಿಗೆ ಕೊನೆಯದನ್ನು ಆಧಾರವಾಗಿ ಇಟ್ಟುಕೊಂಡೆವು. ಕೊಂಡವರ ಹೆಸರಿರುವ ಪ್ರತಿಗಳು ಬಂದ ಹಾಗೆಯೇ ಮುಚ್ಚಿದ ಸಂಗ್ರಹದಲ್ಲಿವೆ.

ಸ್ವರ

ಪಿಡಿಎಫ್/ಎ ಪುಟದ ಚಿತ್ರವನ್ನು ನಿಷ್ಠೆಯಿಂದ ಕಾಯುತ್ತದೆ; ಆದರೆ ಆಲ್ಟೊ ಧ್ವನಿಗೆ ಎತ್ತರ ಹೆಚ್ಚಾಯಿತು, ಒಂದು ಸ್ವರ ಇಳಿಸಿಕೊಡಿ ಎಂದರೆ ಅದರಿಂದ ಆಗದು. ಅದಕ್ಕೆ ಸ್ವರಗಳನ್ನು ಸ್ವರಗಳೆಂದೇ ಬಲ್ಲ ಕಡತ ಬೇಕು. ಆ 47 ಮೂಲ ಕಡತಗಳೂ ಫಿನಾಲೆಯವು: ಹಳೆಯವು ‘ಮಸ್’ ರೂಪದವು, 2014ರ ಆವೃತ್ತಿಯ ನಂತರದವು ‘ಮಸ್‌ಎಕ್ಸ್’ ರೂಪದವು. ಎರಡೂ ಆ ಒಂದು ತಂತ್ರಾಂಶಕ್ಕೆ ಮಾತ್ರ ಅರ್ಥವಾಗುವಂಥವು.

ನಾವು ಅರ್ಧ ದಾರಿಯಲ್ಲಿದ್ದಾಗ, 2024ರ ಆಗಸ್ಟ್ 26ರಂದು, ಫಿನಾಲೆಯನ್ನು ಇನ್ನು ಮುಂದೆ ಅಭಿವೃದ್ಧಿಪಡಿಸುವುದೂ ಇಲ್ಲ, ಮಾರುವುದೂ ಇಲ್ಲ ಎಂದು ಮೇಕ್‌ಮ್ಯೂಸಿಕ್ ಸಂಸ್ಥೆ ಪ್ರಕಟಿಸಿತು. 1988ರಿಂದ ನಡೆದು ಬಂದ ತಂತ್ರಾಂಶವದು. ಒಂದು ವರ್ಷದ ಬಳಿಕ ಹೊಸ ಕಂಪ್ಯೂಟರಿನಲ್ಲಿ ಅದನ್ನು ಸಕ್ರಿಯಗೊಳಿಸಲಾಗದು ಎಂದು ಮೊದಲು ಹೇಳಿದ್ದರು. ಬಳಕೆದಾರರು ಜಗತ್ತಿನಾದ್ಯಂತ ಆಕ್ಷೇಪಿಸಿದ ಮೇಲೆ ಆ ಗಡುವನ್ನು ಕೈಬಿಟ್ಟರು. ಗಡುವು ಹೋದರೂ ಪಾಠ ಉಳಿಯಿತು: ಮುಂದಿನ ಯಾವುದೋ ವಿಂಡೋಸ್ ಆವೃತ್ತಿಯಲ್ಲಿ ಅದು ಓಡದೇ ಹೋಗುವ ದಿನ ಬರುತ್ತದೆ, ಮತ್ತು ಆ ದಿನವನ್ನು ಯಾರೂ ಮೊದಲೇ ಹೇಳುವುದಿಲ್ಲ. ಉಳಿದ ಕಡತಗಳನ್ನೆಲ್ಲ ಆ ತಿಂಗಳೊಳಗೇ ಹೊರತೆಗೆದೆವು.

ಹೊರತೆಗೆದದ್ದು ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪಕ್ಕೆ. ಮೈಕಲ್ ಗುಡ್ ಅವರ ರೆಕಾರ್ಡೇರ್ ಸಂಸ್ಥೆ ರೂಪಿಸಿದ ಈ ವಿನಿಮಯ ಭಾಷೆಯ ಮೊದಲ ಆವೃತ್ತಿ 2004ರಲ್ಲಿ ಬಂತು. 2011ರಲ್ಲಿ ಅದು ಮೇಕ್‌ಮ್ಯೂಸಿಕ್‌ಗೆ ಸೇರಿತು. 2015ರಲ್ಲಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಅಡಿಯ ಸಮುದಾಯ ಗುಂಪಿಗೆ ವರ್ಗವಾಗಿ, 2021ರಲ್ಲಿ ಅದರ 4.0 ಆವೃತ್ತಿ ಪ್ರಕಟವಾಯಿತು. ಒಂದೇ ಸಂಸ್ಥೆಯ ಕೈಯಲ್ಲಿದ್ದ ಎರಡರಲ್ಲಿ ತಂತ್ರಾಂಶ ನಿಂತಿತು, ಹಂಚಿಕೊಂಡ ಭಾಷೆ ಮುಂದುವರಿಯಿತು. ಸಿಬೇಲಿಯಸ್, ಡೋರಿಕೊ, ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್ ಎಲ್ಲವೂ ಅದನ್ನು ಓದುತ್ತವೆ. ನನಗೆ ಅದಕ್ಕಿಂತ ಹೆಚ್ಚು ಧೈರ್ಯ ಕೊಟ್ಟದ್ದು, ಯಾವ ಸಂಗೀತ ತಂತ್ರಾಂಶವೂ ಇಲ್ಲದೆ ಸಾಮಾನ್ಯ ನೋಟ್‌ಪ್ಯಾಡಿನಲ್ಲಿ ತೆರೆದರೂ ಸ್ವರದ ಹೆಸರು, ಎಷ್ಟನೆಯ ಸಪ್ತಕ, ಎಷ್ಟು ಕಾಲ, ಅದರ ಕೆಳಗಿನ ಅಕ್ಷರ ಯಾವುದು ಎಂಬುದನ್ನು ಮನುಷ್ಯರೇ ಓದಬಹುದು ಎಂಬ ಸಂಗತಿ. ಈ ಕಾರಣಕ್ಕೇ ಕುಗ್ಗಿಸಿದ ರೂಪವನ್ನು ಬಿಟ್ಟು, ಜಾಗ ಹೆಚ್ಚು ಬೇಡುವ ಬಿಚ್ಚಿದ ರೂಪವನ್ನೇ ಇಟ್ಟೆವು. ಆ ಭಾಷೆಯ ನಿಯಮಾವಳಿಯ ಪ್ರತಿಯನ್ನೂ ಜೊತೆಗಿಟ್ಟೆವು.

ರಫ್ತು ನಿರ್ದೋಷವಾಗಿರಲಿಲ್ಲ. ಗುಮಟೆ ಎಂಬ ಮಣ್ಣಿನ ಚರ್ಮವಾದ್ಯದ ಪಾಲು ಎಲ್ಲಕ್ಕಿಂತ ಹೆಚ್ಚು ಹಾಳಾಯಿತು. ಮಾಸ್ಟರರು ಗುಮಟೆಯ ತೆರೆದ ಪೆಟ್ಟಿಗೂ ಮುಚ್ಚಿದ ಪೆಟ್ಟಿಗೂ ತಾವೇ ಆರಿಸಿದ ಎರಡು ಬಗೆಯ ಸ್ವರತಲೆಗಳನ್ನು ಬಳಸಿದ್ದರು. ಹೊಸ ಕಡತದಲ್ಲಿ ಎರಡೂ ಒಂದೇ ಆಗಿ, ತಾಳದ ಜೀವವೇ ಹೋಗಿತ್ತು. ಪುನರಾವರ್ತನೆಯ ಚಿಹ್ನೆಗಳು ಕೆಲವೆಡೆ ಚಿತ್ರವಾಗಿ ಮಾತ್ರ ಬಂದಿದ್ದವು. ಪ್ರತಿ ಕೃತಿಯನ್ನೂ ಎರಡು ಬೇರೆ ತಂತ್ರಾಂಶಗಳಲ್ಲಿ ತೆರೆದು ನುಡಿಸಿ, ಮುದ್ರಿತ ಪುಟದ ಮೇಲೆ ಬೆರಳಿಟ್ಟು ಕೇಳುವ ಕೆಲಸವನ್ನು ಮಂಡಳಿಯ ಇಬ್ಬರು ಹಿರಿಯ ಗಾಯಕಿಯರು ವಹಿಸಿಕೊಂಡರು. ಯಂತ್ರ ತೋರಿಸದ ತಪ್ಪುಗಳನ್ನು ಅವರ ಕಿವಿ ಹಿಡಿಯಿತು. ಪಿಡಿಎಫ್ ಮಾತ್ರ ಸಿಕ್ಕ ಒಂಬತ್ತು ಕೃತಿಗಳಿಗೆ, ಚಿತ್ರದಿಂದ ಸ್ವರ ಗುರುತಿಸುವ ತಂತ್ರಾಂಶವನ್ನು ಪ್ರಯತ್ನಿಸಿದೆವು. ತಿದ್ದುವುದಕ್ಕಿಂತ ಹೊಸದಾಗಿ ಕೂಡಿಸುವುದೇ ಬೇಗವಾಯಿತು.

ಸಾಹಿತ್ಯ

ಸ್ವರಲಿಪಿಯ ಸಂರಕ್ಷಣೆಯ ಬಗ್ಗೆ ಪಾಶ್ಚಾತ್ಯ ಗ್ರಂಥಾಲಯಗಳ ಮಾರ್ಗದರ್ಶಿಗಳನ್ನು ಓದಿದರೆ ಸಾಹಿತ್ಯದ ಪ್ರಶ್ನೆ ಹೆಚ್ಚಾಗಿ ಏಳುವುದೇ ಇಲ್ಲ, ಏಕೆಂದರೆ ರೋಮನ್ ಲಿಪಿಗೆ ಈ ಕಷ್ಟ ಅಷ್ಟಾಗಿ ಬಾರದು. ನಮ್ಮ ಕೆಲಸದ ಅರ್ಧಕ್ಕಿಂತ ಹೆಚ್ಚು ಸಮಯವನ್ನು ನುಂಗಿದ್ದು ಮಾತ್ರ ಇದೇ.

ಮಾಸ್ಟರರು ಕನ್ನಡ ಲಿಪಿಯನ್ನು ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕೂಡಿಸಿದ್ದರು. ಮಂಗಳೂರಿನಲ್ಲಿ ಕೊಂಕಣಿಯನ್ನು ಬರೆಯುವುದೂ ಕನ್ನಡ ಲಿಪಿಯಲ್ಲೇ. ಆ ಫಾಂಟುಗಳಲ್ಲಿ ಪ್ರತಿಯೊಂದು ಅಕ್ಷರದ ತುಂಡೂ ಒಂದು ಇಂಗ್ಲಿಷ್ ಚಿಹ್ನೆಯ ಸ್ಥಾನದಲ್ಲಿ ಕುಳಿತಿರುತ್ತದೆ. ನಕಾರಕ್ಕೆ ಪೌಂಡ್ ಗುರುತಿನ ಸ್ಥಾನ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದ ಹೇಗೆ ಕಾಣುತ್ತದೆಂಬುದು ಸರಕಾರಿ ಸುತ್ತೋಲೆಗಳನ್ನು ಇಮೇಲಿನಲ್ಲಿ ಪಡೆದ ಎಲ್ಲರಿಗೂ ಗೊತ್ತು. ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸ್ಥಾನ ಕೊಡುವ ಯೂನಿಕೋಡ್ ಬಳಸಬಾರದಾಗಿತ್ತೇ ಎಂದು ಕೆಲವರು ಕೇಳಿದರು. ಫಿನಾಲೆಗೆ ಯೂನಿಕೋಡ್ ಬೆಂಬಲ ಬಂದದ್ದೇ 2012ರ ಆವೃತ್ತಿಯಲ್ಲಿ. 2006ರಲ್ಲಿ ಸ್ವರಗಳ ಕೆಳಗೆ ಕನ್ನಡ ಕಾಣಬೇಕಾದರೆ ಅವರಿಗೆ ಇದ್ದದ್ದು ಅದೊಂದೇ ದಾರಿ, ಮತ್ತು ಅದನ್ನು ಅವರು ಬಹಳ ಶ್ರದ್ಧೆಯಿಂದ ನಡೆದಿದ್ದರು.

ಹಳೆಯ ಸಂಕೇತದಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಗದ್ಯಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ಸ್ವರಲಿಪಿಯಲ್ಲಾದರೆ ಪದ ಇಡಿಯಾಗಿ ಇರುವುದಿಲ್ಲ. ಪ್ರತಿ ಸ್ವರದ ಕೆಳಗೆ ಒಂದೊಂದು ತುಂಡು ಇರುತ್ತದೆ. ‘ಸ್ವರ್ಗ’ ಎಂಬ ಪದವನ್ನು ಹಾಡುವವರು ‘ಸ್ವರ್–ಗ’ ಎಂದು ಒಡೆಯುತ್ತಾರೆ, ಲಿಪಿ ‘ಸ್ವ–ರ್ಗ’ ಎಂದು ಒಡೆಯುತ್ತದೆ. ಮಾಸ್ಟರರ ಕಡತಗಳಲ್ಲಿ ಎರಡೂ ಕ್ರಮಗಳಿವೆ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುವ ಬೇರೆಯೇ ತುಂಡಾದ್ದರಿಂದ, ಅದು ಪಕ್ಕದ ಕೋಣೆಗೆ ಜಾರಿದ್ದಲ್ಲೆಲ್ಲ ಪರಿವರ್ತಕ ತಪ್ಪಿತು.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಇತ್ತು. ‘ದೇವಾ’ ಎಂಬಲ್ಲಿ ಮೊದಲ ಅಕ್ಷರವನ್ನು ಮೂರು ಸ್ವರಗಳಿಗೆ ಎಳೆಯಬೇಕಾದಾಗ, ಮಾಸ್ಟರರು ಮೊದಲ ಸ್ವರದ ಕೆಳಗೆ ‘ದೆ’ ಎಂದಿಟ್ಟು, ದೀರ್ಘದ ಚಿಹ್ನೆಯನ್ನು ಮಾತ್ರ ಎರಡನೆಯ ಸ್ವರದ ಕೆಳಗೆ ಇಟ್ಟಿದ್ದರು. ನುಡಿಯಲ್ಲಿ ದೀರ್ಘ ಬೇರೆ ತುಂಡಾದ್ದರಿಂದ ಇದು ಸಾಧ್ಯವಿತ್ತು. ಕಣ್ಣಿಗೆ ಅದು ಎಷ್ಟು ಸಹಜವಾಗಿತ್ತೆಂದರೆ, ಹತ್ತಾರು ವರ್ಷ ಅದನ್ನು ನೋಡಿ ಹಾಡಿದ ನಾನು ಅದರ ಜಾಣ್ಮೆಯನ್ನು ಗಮನಿಸಿದ್ದು ಪರಿವರ್ತನೆಯ ಹೊತ್ತಿನಲ್ಲಿ. ಯೂನಿಕೋಡಿನಲ್ಲಿ ಒಂಟಿ ದೀರ್ಘಕ್ಕೆ ಆಸರೆಯಿಲ್ಲ. ಅಲ್ಲಿ ಚುಕ್ಕೆಗಳ ವೃತ್ತವೊಂದು ಮೂಡುತ್ತದೆ. ಬಹಳ ಚರ್ಚೆಯ ನಂತರ, ಪುಟದ ಕಡತದಲ್ಲಿ ಅವರ ಕ್ರಮವನ್ನು ಇದ್ದ ಹಾಗೆಯೇ ಬಿಟ್ಟು, ಸ್ವರದ ಕಡತದಲ್ಲಿ ‘ದೇ’ ಎಂದು ಮೊದಲ ಸ್ವರಕ್ಕೇ ಸೇರಿಸಿ, ಉಳಿದ ಸ್ವರಗಳಿಗೆ ಎಳೆತದ ಗೆರೆ ಹಾಕಿದೆವು. ಹೀಗೆ ಬದಲಾಯಿಸಿದ ಪ್ರತಿ ಬಾರಿನ ಸಂಖ್ಯೆಯನ್ನೂ ಕೃತಿಯ ಟಿಪ್ಪಣಿಯಲ್ಲಿ ಬರೆದೆವು. ಪುಟವನ್ನು ಪ್ರತ್ಯೇಕವಾಗಿ ಉಳಿಸದೆ ಕೇವಲ ಹೊಸ ಕಡತಕ್ಕೆ ತಿರುಗಿಸಿದ್ದರೆ ಅವರ ಕೈಯ ಆ ಕ್ರಮ ಯಾರಿಗೂ ತಿಳಿಯದಂತೆ ಅಳಿಸಿಹೋಗುತ್ತಿತ್ತು.

ಹಕ್ಕು

1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರಕಾಶಕರು ಪ್ರಕಟಣೆಯ ಮೂವತ್ತು ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿಗದಿತ ಗ್ರಂಥಾಲಯಗಳಿಗೂ ಪ್ರತಿ ಕಳುಹಿಸಬೇಕು. ‘ಪುಸ್ತಕ’ ಎಂಬುದರ ವ್ಯಾಖ್ಯೆಯಲ್ಲಿ ಸಂಗೀತದ ಹಾಳೆಯೂ ಸೇರಿದೆ ಎಂಬುದು ಬಹಳ ಜನರಿಗೆ ತಿಳಿಯದು. ಆದರೆ ಆ ವ್ಯಾಖ್ಯೆ ಅಚ್ಚಾದ, ಕಲ್ಲಚ್ಚಾದ ಹಾಳೆಯದು. ಜರ್ಮನಿಯ ರಾಷ್ಟ್ರೀಯ ಗ್ರಂಥಾಲಯದ ಕಾಯಿದೆ 2006ರಲ್ಲೇ ಜಾಲದ ಪ್ರಕಟಣೆಗಳನ್ನು ಒಳಗೊಂಡಿತು, ಬ್ರಿಟನ್ 2013ರಲ್ಲಿ ನಿಯಮ ಮಾಡಿತು. ಮಾಸ್ಟರರ 61 ಕೃತಿಗಳು ಹಾಳೆಯಾಗಿ ಅಚ್ಚಾಗಿದ್ದರೆ ಸರಕಾರದ ಗ್ರಂಥಾಲಯಗಳಲ್ಲಿ ಇರಬೇಕಾದವು. ಪಿಡಿಎಫ್ ಆದದ್ದರಿಂದ ಯಾರೂ ಕೇಳಲಿಲ್ಲ.

1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ, ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವೊಂದು ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಲು 52(1)(ಎನ್) ಕಲಮಿನಲ್ಲಿ ಅನುಮತಿಸುತ್ತದೆ. ಷರತ್ತೆಂದರೆ, ಆ ಗ್ರಂಥಾಲಯದಲ್ಲಿ ಅದರ ಡಿಜಿಟಲ್ ಅಲ್ಲದ ಪ್ರತಿ ಮೊದಲೇ ಇರಬೇಕು. ಹುಟ್ಟಿನಿಂದಲೇ ಡಿಜಿಟಲ್ ಆದ ಕೃತಿ ಈ ರಕ್ಷಣೆಯ ಹೊರಗೇ ನಿಲ್ಲುತ್ತದೆ. ಆ ಕಲಮನ್ನು ಓದಿದ ಮೇಲೆ ನಾನು ಕಾಗದದ ಪ್ರತಿಯ ಬಗ್ಗೆ ಇದ್ದ ಉದಾಸೀನವನ್ನು ಬಿಟ್ಟೆ. ವಾರಸುದಾರರ ಅನುಮತಿಯಿಂದ ಎಲ್ಲ ಕೃತಿಗಳನ್ನೂ ಆಮ್ಲರಹಿತ ಕಾಗದದಲ್ಲಿ ಎರಡು ಸೆಟ್ ಮುದ್ರಿಸಿ, ಒಂದನ್ನು ಸಾರ್ವಜನಿಕರಿಗೆ ತೆರೆದಿರುವ ಗ್ರಂಥಾಲಯಕ್ಕೆ ಕೊಟ್ಟೆವು. ಕಾಗದ ಇಲ್ಲಿ ಗೆದ್ದಲಿಗೂ ತೇವಕ್ಕೂ ಈಡಾಗುವಂಥದ್ದು ನಿಜ. ಆದರೂ ಡಿಜಿಟಲ್ ಪ್ರತಿಗೆ ಕಾನೂನಿನ ನೆಲೆ ಒದಗಿಸುವುದು ಆ ಕಾಗದವೇ.

ಮಾಸ್ಟರರ ಸಂಗೀತದ ಮೇಲಿನ ಹಕ್ಕು ಅವರ ವಾರಸುದಾರರಿಗೆ 2080ರ ಕೊನೆಯ ವರೆಗೆ ಇರುತ್ತದೆ. ಬಾಯಿಯೂ ಮಕ್ಕಳೂ ಒಂದೇ ಭೇಟಿಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಸಾಹಿತ್ಯದ ಹಕ್ಕು ಬೇರೆ. ಕಾಯಿದೆಯ ‘ಸಂಗೀತ ಕೃತಿ’ಯ ವ್ಯಾಖ್ಯೆ ಸ್ವರಲಿಪಿಯನ್ನು ಒಳಗೊಳ್ಳುತ್ತದೆ, ಹಾಡುವ ಪದಗಳನ್ನು ಒಳಗೊಳ್ಳುವುದಿಲ್ಲ. ಹಾಡು ಬರೆದ ಹದಿನಾಲ್ಕು ಮಂದಿಯಲ್ಲಿ ಹನ್ನೊಂದು ಮಂದಿಯನ್ನು ಅಥವಾ ಅವರ ಮನೆಯವರನ್ನು ಹುಡುಕಿ ಒಪ್ಪಿಗೆ ಪಡೆದೆವು. ಉಳಿದ ಮೂವರ ಹಾಡುಗಳು ಸಂಗ್ರಹದಲ್ಲಿವೆ, ಹಂಚಿಕೆಯಲ್ಲಿಲ್ಲ. ಕರ್ತೃ ಬದುಕಿದ್ದಾಗ ಹತ್ತು ನಿಮಿಷದಲ್ಲಿ ಬರೆಸಬಹುದಾಗಿದ್ದ ಪತ್ರಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.

ಮಂಡಳಿಯು ವಿದೇಶಿ ಮಾರಾಟ ತಾಣಗಳಿಂದ ಕೊಂಡಿದ್ದ ಇಂಗ್ಲಿಷ್ ಗೀತೆಗಳ ಮಾತು ಬೇರೆ. ಅವುಗಳಲ್ಲಿ ಕೆಲವು ಬ್ರೌಸರಿನೊಳಗೆ ಸಿಬೇಲಿಯಸ್ ಸ್ಕಾರ್ಚ್ ಎಂಬ ಪೂರಕ ತಂತ್ರಾಂಶದಲ್ಲಿ ಮಾತ್ರ ತೆರೆಯುತ್ತಿದ್ದವು. 2015ರಲ್ಲಿ ಕ್ರೋಮ್ ಅಂಥ ಪೂರಕಗಳಿಗೆ ಬೆಂಬಲ ನಿಲ್ಲಿಸಿದಾಗ ಆ ದಾರಿ ಮುಚ್ಚಿತು. ಅವನ್ನು ರೂಪಾಂತರಿಸುವ ಹಕ್ಕು ನಮಗಿಲ್ಲ. ಮುದ್ರಿಸಿದ್ದ ಪ್ರತಿಗಳನ್ನೂ ರಸೀದಿಗಳನ್ನೂ ಒಟ್ಟಿಗೆ ಕಟ್ಟಿಟ್ಟೆವು.

ಇಟ್ಟ ಜಾಗ

ಪ್ರತಿ ಕೃತಿಗೂ ಒಂದು ಫೋಲ್ಡರ್: ಮೂಲ ಫಿನಾಲೆ ಕಡತ, ಪಿಡಿಎಫ್/ಎ, ಮ್ಯೂಸಿಕ್‌ಎಕ್ಸ್‌ಎಂಎಲ್, ಸಾಹಿತ್ಯ ಮಾತ್ರ ಇರುವ ಸರಳ ಯೂನಿಕೋಡ್ ಪಠ್ಯ, ಒಪ್ಪಿಗೆ ಪತ್ರದ ಪ್ರತಿ, ಟಿಪ್ಪಣಿ. ಇಂದು ತೆರೆಯಲು ಕಷ್ಟವಾದರೂ ಮೂಲ ಕಡತವನ್ನು ಎಸೆಯಲಿಲ್ಲ. ನಮ್ಮ ರಫ್ತಿನಲ್ಲಿ ಕಾಣದೆ ಉಳಿದ ತಪ್ಪನ್ನು ಮುಂದೊಬ್ಬರು ಹಿಡಿಯಬೇಕಾದರೆ ಅದೇ ಸಾಕ್ಷಿ. ಇಡೀ ಸಂಗ್ರಹ ಒಂದು ಸಾಧಾರಣ ಪೆನ್ ಡ್ರೈವಿನ ಮೂಲೆಯಲ್ಲಿ ಹಿಡಿಸುತ್ತದೆ. ಮೂರು ಪ್ರತಿಗಳಲ್ಲಿ ಒಂದು ಮಂಡಳಿಯಲ್ಲಿ, ಒಂದು ಗ್ರಂಥಾಲಯದಲ್ಲಿ, ಇನ್ನೊಂದು ಕರಾವಳಿಯ ಸಿಡಿಲು ಮಳೆಗಳಿಂದ ದೂರ, ಬೆಂಗಳೂರಿನಲ್ಲಿರುವ ಮಾಸ್ಟರರ ಮಗಳ ಮನೆಯಲ್ಲಿ ಇದೆ. ಪ್ರತಿ ಕಡತದ ಎಸ್‌ಎಚ್‌ಎ-256 ಬೆರಳಚ್ಚನ್ನು, ಅಂದರೆ ಕಡತದ ಒಳಗಿನದರಿಂದ ಲೆಕ್ಕಹಾಕಿದ ಸಂಖ್ಯೆಯನ್ನು, ಪಟ್ಟಿ ಮಾಡಿದ್ದೇವೆ. ಒಂದು ಬಿಟ್ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ. ತಾಳೆ ನೋಡುವ ದಿನವನ್ನು ಯಾರೂ ಮರೆಯಬಾರದೆಂದು, ಸಂಗೀತಗಾರರ ಪಾಲಕಿಯೆಂದು ಮಂಡಳಿ ಆಚರಿಸುವ ಸಂತ ಸಿಸಿಲಿಯಾ ಹಬ್ಬದ ದಿನವಾದ ನವೆಂಬರ್ 22ನ್ನೇ ಆರಿಸಿದೆವು. ಮೊದಲ ತಾಳೆಯಲ್ಲೇ ಮಂಡಳಿಯ ಪ್ರತಿಯಲ್ಲಿ ಒಂದು ಕಡತ ಹೊಂದಲಿಲ್ಲ. ಯಾರೋ ಅದನ್ನು ತೆರೆದು, ಅರಿಯದೆ ಉಳಿಸಿದ್ದರು. ಗ್ರಂಥಾಲಯದ ಪ್ರತಿಯಿಂದ ಸರಿಪಡಿಸಿ, ಆ ಡ್ರೈವನ್ನು ಓದಲು ಮಾತ್ರ ಬರುವಂತೆ ಮಾಡಿದೆವು.

ಪಟ್ಟಿಯ 61ರಲ್ಲಿ ಎರಡು ಕೃತಿಗಳು ಈಗಲೂ ಸಿಕ್ಕಿಲ್ಲ. ಒಂದರ ಹೆಸರು ಮತ್ತು ಬೆಲೆ ಮಾತ್ರ ಗೊತ್ತು. ಇನ್ನೊಂದು ಈಸ್ಟರ್ ಹಾಡನ್ನು ನಾನೇ ಹಾಡಿದ್ದೇನೆ. ನನ್ನ ಹಳೆಯ ಕಡತಚೀಲದಲ್ಲಿ ಅದರ ಆಲ್ಟೊ ಪಾಲಿನ ಒಂದು ಹಾಳೆಯಿದೆ. ಉಸಿರು ತೆಗೆದುಕೊಳ್ಳಬೇಕಾದ ಜಾಗಗಳಲ್ಲಿ ಮಾಸ್ಟರರ ಕೈಯ ಕೆಂಪು ಗುರುತುಗಳಿವೆ. ಅದನ್ನು ಸ್ಕ್ಯಾನ್ ಮಾಡಿ, ಅಪೂರ್ಣವೆಂದು ಬರೆದು, ಅದರದೇ ಸಂಖ್ಯೆಯ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಸೊಪ್ರಾನೊ, ಟೆನರ್ ಮತ್ತು ಬಾಸ್ ಪಾಲುಗಳಿಗಾಗಿ ಕೊಲ್ಲಿ ರಾಷ್ಟ್ರದ ಎರಡು ಮಂಡಳಿಗಳಿಗೆ ಬರೆದ ಪತ್ರಗಳಿಗೆ ಉತ್ತರ ಬರಬೇಕಾಗಿದೆ.